ಕೊರಡು ನಮ್ಮದು, ಎಣ್ಣೆ ಅವರದು

ಬೆಳಗಿನ ಸೋಪಿನಿಂದ ರಾತ್ರಿಯ ಮೊಬೈಲ್ ತನಕ ನಾವು ಬಳಸುವ ಎಷ್ಟೋ ವಸ್ತುಗಳಲ್ಲಿ ಹೊರದೇಶದ ಪಾಲಿದೆ. ಹಡಗು ಬರುತ್ತಿರುವವರೆಗೆ ಇದು ನಮಗೆ ಕೊರತೆಯೆನಿಸುವುದಿಲ್ಲ. ಹಡಗು ನಿಂತರೆ ಏನಾಗುತ್ತದೆ ಎಂಬುದನ್ನು ಮೈಸೂರು ಸಂಸ್ಥಾನ 1914ರಲ್ಲೇ ಕಂಡಿತ್ತು.

ಅಂದು ಮೈಸೂರಿನ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವ ಕಾರ್ಖಾನೆ ಅಲ್ಲಿತ್ತು. ಅದರ ಲಾಭವೂ ಅಲ್ಲೇ ಉಳಿಯುತ್ತಿತ್ತು. ಮೊದಲ ಮಹಾಯುದ್ಧ ಆರಂಭವಾದೊಡನೆ ಆ ವ್ಯಾಪಾರ ನಿಂತಿತು. ಕಾಡು ನಮ್ಮದಾಗಿದ್ದರೂ ವಿದ್ಯೆ ನಮ್ಮದಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರೂ ಕೈಕಟ್ಟಿ ಕೂರಲಿಲ್ಲ. 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಸೋಪಿನ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹೀಗೆ.

ಈ ಪಾಠವನ್ನು ಮನೆಮನೆಯ ಅಗತ್ಯಗಳಿಗೆ ವಿಸ್ತರಿಸಿದವರು 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಇರಾನಿನಿಂದ ಬಂದು ನೆಲೆಸಿದ ಕುದುರೆ ವ್ಯಾಪಾರಿಯ ಮನೆತನದ ಈ ಕುಡಿಗೆ ಮೈಸೂರೇ ಸ್ವಂತ ನಾಡಾಗಿತ್ತು. ಭಾರತಕ್ಕೆ ಜಾವಾದಿಂದ ಸಕ್ಕರೆ ಬರುತ್ತಿದ್ದ ಕಾಲವದು. ಕನ್ನಂಬಾಡಿಯ ನೀರು ಮಂಡ್ಯದ ಹೊಲಗಳಿಗೆ ಹರಿಯಿತು. 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ರೈತನ ಕಬ್ಬಿಗೆ ಊರಲ್ಲೇ ಗಿರಾಕಿ ಸಿಕ್ಕಿತು. 1936ರಲ್ಲಿ ಭದ್ರಾವತಿಯ ಕಾಗದದ ಕಂಪೆನಿಯೂ ಬೆಂಗಳೂರಿನ ವಿದ್ಯುದ್ದೀಪದ ಕಂಪೆನಿಯೂ ಹುಟ್ಟಿದವು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರೊಡನೆ ಸೇರಿ ಸಂಸ್ಥಾನವು ವಿಮಾನ ಕಾರ್ಖಾನೆಗೂ ಹಣ ಹಾಕಿತು.

ಇವರಾರೂ ಹೊರಜಗತ್ತಿಗೆ ಬಾಗಿಲು ಹಾಕಲಿಲ್ಲ. ಹೊರಗಿನ ವಿದ್ಯೆಯನ್ನು ತಂದರು, ಅದರಿಂದ ವಸ್ತುವನ್ನು ಇಲ್ಲಿ ಮಾಡಿದರು. ಸ್ವಾವಲಂಬನೆಯೆಂದರೆ ಪರದೇಶದ ದ್ವೇಷವಲ್ಲ. ಕೊಳ್ಳುವುದೋ ಮಾಡುವುದೋ ಎಂಬ ಆಯ್ಕೆ ನಮ್ಮ ಕೈಯಲ್ಲಿರುವುದು.

ಆದರೆ ಕಟ್ಟಿದ್ದನ್ನು ಕಾಲಕ್ಕೆ ತಕ್ಕಂತೆ ನವೀಕರಿಸದಿದ್ದರೆ ಅದು ಉಳಿಯದು. ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. 2020ರ ಕೊರೋನಾ ಕಾಲದಲ್ಲಿ ಇನ್ನೊಂದು ಸತ್ಯ ಕಣ್ಣಿಗೆ ಬಿತ್ತು: ಲೋಕಕ್ಕೆಲ್ಲ ಮಾತ್ರೆ ಮಾರುವ ನಾವು, ಅವುಗಳ ಮೂಲವಸ್ತುವಿನ ದೊಡ್ಡ ಪಾಲಿಗೆ ಚೀನಾವನ್ನು ನೆಚ್ಚಿದ್ದೆವು. 1914ರಲ್ಲಿ ಕೊರಡು ನಮ್ಮದು, ಎಣ್ಣೆ ಅವರದು. ಈಗ ಮಾತ್ರೆ ನಮ್ಮದು, ಅದರ ಸತ್ವ ಅವರದು.

ವಿದೇಶಿ ವಸ್ತು ಬೇಡವೆಂದು ಕೂಗುವುದು ಸುಲಭ. ಅದನ್ನು ಇಲ್ಲೇ ಮಾಡುವ ಶ್ರಮಕ್ಕೆ ನಾವು ಸಿದ್ಧರಿದ್ದೇವೆಯೇ?