ಬೇಲಿಯೊಳಗೆ ಹುಟ್ಟಿದ ಬಂಡಿ

ಮಕ್ಕಳ ಕೈಗೆ ಮೋಟಾರು ಸೈಕಲ್ ಕೊಡುವ ಯೋಚನೆ ಇವತ್ತಿನದೇನಲ್ಲ. 1961ರಲ್ಲಿ ಹೋಂಡಾ ಕಂಪನಿಯವರು ಜಪಾನಿನ ಟೋಕಿಯೋ ಬಳಿ ತಾಮಾ ಟೆಕ್ ಎಂಬ ವಿನೋದ ಉದ್ಯಾನವನ್ನು ತೆರೆದರು. ಮೋಟಾರು ಬಂಡಿಗಳ ಮೇಲೆ ಕೂತು ಆಡುವ ಜಾಗ ಅದು. ಅಲ್ಲಿಗೆಂದೇ 49 ಸಿ.ಸಿ. ಎಂಜಿನ್ನಿನ, 5 ಇಂಚಿನ ಚಕ್ರಗಳ ಪುಟ್ಟ ಬೈಕೊಂದನ್ನು ಮಾಡಿದರು. ದೊಡ್ಡವರು ಅದರ ಮೇಲೆ ಕೂತರೆ ಮೊಣಕಾಲು ಮಡಿಚಿಕೊಂಡು ಥೇಟ್ ಕೋತಿಯಂತೆ ಕಾಣುತ್ತಿದ್ದರಂತೆ; ಅದಕ್ಕೇ 'ಮಂಕಿ' ಎಂಬ ಹೆಸರು ನಿಂತುಬಿಟ್ಟಿತು.

ಆ ಬಂಡಿ ಜನಕ್ಕೆ ಹಿಡಿಸಿತು. 1963ರಲ್ಲಿ ರಸ್ತೆಗೆ ಹೊಂದುವ ರೂಪ ತಾಳಿ ಹೊರದೇಶಗಳಿಗೆ ಹೋಯಿತು. 1967ರಲ್ಲಿ ಜಪಾನಿನ ರಸ್ತೆಗೂ ಇಳಿಯಿತು. ಆದರೆ ಇಳಿದದ್ದು ಲೈಸೆನ್ಸ್ ಉಳ್ಳವರ ವಾಹನವಾಗಿ. ಮಕ್ಕಳ ಆಟ ಮಾತ್ರ ಬೇಲಿಯೊಳಗೇ ಉಳಿಯಿತು. ಆಮೇಲೆ 1980ರ ದಶಕದ ಆರಂಭದಲ್ಲಿ ಯಮಾಹಾದವರು ತಂದ ಮಕ್ಕಳ ಬೈಕಿನಲ್ಲಿ, ವೇಗ ಮಿತಿ ಮೀರದಂತೆ ತಂದೆ ತಾಯಿಯರು ಬಿಗಿ ಮಾಡಬಹುದಾದ ತಿರುಪೊಂದಿತ್ತು.

ಈ ಕಥೆಯನ್ನೆಲ್ಲ ನಾನು ಕೆದಕಿದ್ದು ನನ್ನ ತಮ್ಮನ ದೆಸೆಯಿಂದ. ಒಂಬತ್ತು ವರ್ಷದ ಮಗನ ಹುಟ್ಟುಹಬ್ಬಕ್ಕೆ ಅಂಥದ್ದೇ ಒಂದು ಬೈಕು ಕೊಡಿಸಲು ಅವನು ಹೊರಟಿದ್ದ. "ಅತ್ತಿಗೆ, ಅಂಗಡಿಯವರು 50 ಸಿ.ಸಿ. ಒಳಗಿದ್ದರೆ ಲೈಸೆನ್ಸೇ ಬೇಡ ಅಂತಾರಂತೆ. ನಮ್ಮ ಬಡಾವಣೆ ರಸ್ತೆ ಹೇಗೂ ಖಾಲಿ ಅಂತಾರೆ ಇವರು. ನೀವೇ ಒಂದು ಮಾತು ಹೇಳಿ" ಎಂದು ಅವನ ಹೆಂಡತಿ ಫೋನಿನಲ್ಲಿ ಅಲವತ್ತುಕೊಂಡಳು. ಬರೀ ಹೆದರಿಸಿದರೆ ಕೇಳುವವನಲ್ಲ ನನ್ನ ತಮ್ಮ. ಅದಕ್ಕೇ ಕಾಯಿದೆಯ ಪುಸ್ತಕವನ್ನೇ ತೆರೆದೆ.

ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸಬಾರದೆಂಬ ನಿಯಮ 1939ರ ಮೋಟಾರು ವಾಹನ ಕಾಯಿದೆಯಲ್ಲೇ ಇತ್ತು. 1972ರಲ್ಲಿ ಲೂನಾ ಬಂತು, ಊರೂರಿಗೂ ಪುಟ್ಟ ಮೊಪೆಡ್‌ಗಳು ಹರಡಿದವು. 1988ರ ಕಾಯಿದೆ ಒಂದು ಸಣ್ಣ ಕಿಟಕಿ ತೆರೆಯಿತು: 50 ಸಿ.ಸಿ. ಮೀರದ, ಗೇರಿಲ್ಲದ ಬಂಡಿಯನ್ನು ಹದಿನಾರು ತುಂಬಿದವರು ಓಡಿಸಬಹುದು, ಲೈಸೆನ್ಸ್ ಪಡೆದು. ಅಂಗಡಿಯವರ ಮಾತಿನಲ್ಲಿ ಐವತ್ತು ಮಾತ್ರ ಉಳಿದು, ಹದಿನಾರೂ ಲೈಸೆನ್ಸೂ ಉದುರಿಹೋಗಿದ್ದವು!

ಇನ್ನು ಖಾಲಿ ರಸ್ತೆಯ ವಿಚಾರ. ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ಜಾಗವೆಲ್ಲ ಕಾಯಿದೆಯ ಕಣ್ಣಿನಲ್ಲಿ ಸಾರ್ವಜನಿಕ ಸ್ಥಳವೇ. ಜನ ಕಡಿಮೆ ಎಂದ ಮಾತ್ರಕ್ಕೆ ಬಡಾವಣೆಯ ರಸ್ತೆ ನಮ್ಮ ಅಂಗಳವಾಗುವುದಿಲ್ಲ. ನೋಂದಣಿಯಾಗದ ಮೋಟಾರು ವಾಹನವನ್ನು ದೊಡ್ಡವರೂ ಅಲ್ಲಿ ಓಡಿಸುವಂತಿಲ್ಲ. ಮಗುವಿನ ಆಟಕ್ಕೆ ಉಳಿಯುವುದು ಸ್ವಂತ ತೋಟವೋ, ಮಾಲೀಕರು ಒಪ್ಪಿ ಬಿಟ್ಟುಕೊಟ್ಟ ಬೇಲಿಯೊಳಗಿನ ಜಾಗವೋ, ತರಬೇತಿ ಕೊಡುವವರ ಟ್ರ್ಯಾಕೋ. ಅಲ್ಲಿಯೂ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟು, ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು. ಬೈಕನ್ನು ಅಲ್ಲಿಯವರೆಗೂ ಗಾಡಿಯಲ್ಲಿ ಹೇರಿಕೊಂಡೇ ಒಯ್ಯಬೇಕು.

2019ರ ತಿದ್ದುಪಡಿಯನ್ನಂತೂ ತಾಯಂದಿರೆಲ್ಲ ಓದಬೇಕು. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ನಡೆದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮಗೆ ತಿಳಿಯದೆ ನಡೆದದ್ದೆಂದು, ಇಲ್ಲವೇ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದು ಪೋಷಕರೇ ಸಾಬೀತು ಮಾಡಬೇಕು. ಹುಟ್ಟುಹಬ್ಬಕ್ಕೆಂದು ಕೈಯಾರೆ ಬೀಗದ ಕೈ ಕೊಟ್ಟವರು ತಿಳಿಯದು ಎನ್ನುವುದು ಹೇಗೆ?

ಇದಿಷ್ಟನ್ನೂ ತಮ್ಮನಿಗೆ ಓದಿ ಹೇಳಿದೆ. ದಂಡ, ಸೆರೆ ಎಂದಾಗ ಅವನು ನಕ್ಕ. ಎದುರು ಮನೆಯ ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದರೆ ಒಂಬತ್ತು ವರ್ಷದ ಕೈ ಬ್ರೇಕು ಹಿಡಿದೀತೇ ಎಂದಾಗ ನಗು ನಿಂತಿತು. ಊರಿನ ನಮ್ಮ ಅಡಿಕೆ ತೋಟದ ಪಕ್ಕ ಬೇಲಿ ಹಾಕಿದ ಬಯಲಿದೆ. ರಜೆಯಲ್ಲಿ ಅಲ್ಲಿಗೆ ಹೋದಾಗ ನೋಡೋಣ ಎಂದು ಒಪ್ಪಿಕೊಂಡ. ಸದ್ಯಕ್ಕೆ ಹುಡುಗನಿಗೆ ಸೈಕಲ್ಲು ಬಂದಿದೆ.

ಬೈಕು ಬೇಡವೇ ಬೇಡ ಎನ್ನುವವಳಲ್ಲ ನಾನು. ಆದರೆ ಅಂಗಡಿಯಲ್ಲಿ ನಾವು ಹೆಂಗಸರು "ಎಷ್ಟು?" ಎಂದು ಚೌಕಾಸಿ ಮಾಡುವ ಮೊದಲು "ಎಲ್ಲಿ?" ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಉಳಿದದ್ದು ಬರೀ ಬೆಲೆಯ ಮಾತು.