ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ

ಕೀಲು ನೋವು ಅಂದರೆ ವಾತ ಎಂದುಕೊಂಡು ಎಣ್ಣೆ ಕಾಯಿಸುವುದು ನಮ್ಮ ರೂಢಿ. ವಯಸ್ಸಾಗಿ ಸವೆದ ಮಂಡಿ ನೋಯುತ್ತದೆ, ಲಟಲಟ ಅನ್ನುತ್ತದೆ, ಕೊಂಚ ಊದಲೂಬಹುದು. ಆದರೆ ಸಾಮಾನ್ಯವಾಗಿ ಕೆಂಪಾಗಿ ಸುಡುವುದಿಲ್ಲ. ಸುಡುವ ಕೀಲಿನ ಲೆಕ್ಕವೇ ಬೇರೆ.

ಬಿಸಿ, ಊತ ಎಲ್ಲಿಂದ?

ಕೀಲಿನ ಒಳಗೆ ತೆಳುವಾದ ಪೊರೆಯಿದೆ. ಮೂಳೆಗಳು ನಯವಾಗಿ ಜಾರಲು ಬೇಕಾದ ದ್ರವ ಒಸರುವುದು ಅದರಿಂದಲೇ. ರೋಗಾಣುವೋ ಹರಳೋ ಈ ಪೊರೆಯನ್ನು ಕೆರಳಿಸಿದರೆ ರಕ್ತನಾಳಗಳು ಹಿಗ್ಗುತ್ತವೆ. ಹೆಚ್ಚು ರಕ್ತ ಹರಿದು ಕೀಲು ಕೆಂಪಾಗಿ ಬಿಸಿಯೇರುತ್ತದೆ, ನಾಳಗಳಿಂದ ನೀರಿನಂಶ ಸೋರಿ ಊದುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದೆ ಹೋಗಬಹುದು. ಅಂಥವರು ಕೈಯ ಹಿಂಬದಿಯಿಂದ ಎರಡೂ ಮಂಡಿ ಮುಟ್ಟಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮೊದಲ ಅನುಮಾನ ಕೀವಿನ ಮೇಲೆ

ಒಂದೇ ಕೀಲು ಒಂದೆರಡು ದಿನದಲ್ಲಿ ಊದಿ, ಅಲುಗಾಡಿಸಲೂ ಆಗದಂತಾದರೆ ಒಳಗೆ ಸೋಂಕು ಇರಬಹುದು. ಹೆಚ್ಚಿನ ಸಲ ಇದಕ್ಕೆ ಕಾರಣ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸಕ್ಕರೆ ಕಾಯಿಲೆಯವರು, ಕೃತಕ ಮಂಡಿ ಹಾಕಿಸಿಕೊಂಡವರು, ಸ್ಟೀರಾಯ್ಡ್ ಸೇವಿಸುವವರು ಹೆಚ್ಚು ಎಚ್ಚರವಾಗಿರಬೇಕು. ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಹಾಳಾಗುತ್ತದೆ. ಮತ್ತೆ ಮೊದಲಿನಂತೆ ಆಗುವುದಿಲ್ಲ. ಜ್ವರ ಇಲ್ಲ ಎಂಬ ಸಮಾಧಾನವೂ ಬೇಡ, ಜ್ವರವಿಲ್ಲದೆಯೂ ಕೀವು ತುಂಬಬಹುದು.

ಹೆಬ್ಬೆರಳಿನ ಗೌಟ್

ರಕ್ತದಲ್ಲಿ ಯೂರಿಕ್ ಆಮ್ಲ 100 ಮಿಲಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಸೂಜಿಯಂಥ ಹರಳುಗಳು ಕೀಲಿನಲ್ಲಿ ಕೂರಬಹುದು. ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಊದಿಕೊಂಡು, ಹೊದಿಕೆ ಸೋಕಿದರೂ ಜೀವ ಹೋದಂತಾಗುತ್ತದೆ. ಬಿಯರ್, ಮಾಂಸದ ಅತಿಸೇವನೆ, ಮೂತ್ರಪಿಂಡದ ತೊಂದರೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಇದಕ್ಕೆ ದಾರಿ ಮಾಡಿಕೊಡುತ್ತವೆ. ಬೇಳೆಕಾಳು ಬಿಡಬೇಕೆಂಬ ಉಪದೇಶಕ್ಕೆ ಅಷ್ಟು ಆಧಾರವಿಲ್ಲ. ಒಂದೆರಡು ವಾರದಲ್ಲಿ ನೋವು ತಾನಾಗಿಯೇ ಇಳಿಯುತ್ತದೆ, ಕೀರ್ತಿ ಮಾತ್ರ ಹಚ್ಚಿದ ಎಣ್ಣೆಗೆ! ನೋವಿರುವಾಗಲೇ ರಕ್ತಪರೀಕ್ಷೆ ಮಾಡಿಸಿದರೆ ಯೂರಿಕ್ ಆಮ್ಲ ಸಾಮಾನ್ಯ ಮಟ್ಟದಲ್ಲೇ ಕಾಣುವುದೂ ಉಂಟು. ವಯಸ್ಸಾದವರ ಮಂಡಿ, ಮಣಿಕಟ್ಟಿನಲ್ಲಿ ಕ್ಯಾಲ್ಸಿಯಂ ಹರಳುಗಳೂ ಇಂಥದೇ ಕಾಟ ಕೊಡುತ್ತವೆ.

ಹಲವು ಕೀಲುಗಳು ಒಟ್ಟಿಗೆ

ಕೈಬೆರಳುಗಳ ಗೆಣ್ಣು ಎರಡೂ ಕಡೆ ಊದಿ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲಿನ ಮೇಲೆ ಬೀಳುವ ಈ ರೋಗ ಹೆಂಗಸರಲ್ಲಿ ಹೆಚ್ಚು. 2006ರಲ್ಲಿ ಕರ್ನಾಟಕವನ್ನು ಕಾಡಿದ ಚಿಕುನ್‌ಗುನ್ಯಾದಲ್ಲಿ ಜ್ವರ ಬಿಟ್ಟ ಮೇಲೂ ಕೀಲುಗಳು ತಿಂಗಳುಗಟ್ಟಲೆ ನೋಯಬಹುದು. ಮಕ್ಕಳಲ್ಲಿ ಗಂಟಲು ನೋವು ಬಂದುಹೋದ ಕೆಲವು ವಾರಗಳಲ್ಲಿ ಊತ ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡಿದರೆ ಅದು ರುಮಾಟಿಕ್ ಜ್ವರವಿರಬಹುದು. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟಕ್ಕೆ ಬಿದ್ದ ಪೆಟ್ಟು ಉಳಿಯಬಹುದು.

ಪತ್ತೆ ಹೇಗೆ?

ಎಕ್ಸ್‌ರೇಯಲ್ಲಿ ಆರಂಭದಲ್ಲಿ ಹೆಚ್ಚೇನೂ ಕಾಣದು. ಊದಿದ ಕೀಲಿನಿಂದ ಸೂಜಿಯಲ್ಲಿ ದ್ರವ ತೆಗೆದು ಪರೀಕ್ಷಿಸಿದರೆ ಹರಳೋ ರೋಗಾಣುವೋ ತಿಳಿಯುತ್ತದೆ. ಅದಕ್ಕೂ ಮೊದಲೇ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಿದರೆ ರೋಗಾಣು ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಸುಡುವ ಕೀಲನ್ನು ತಿಕ್ಕಬೇಡಿ, ನೀವಿಸಬೇಡಿ. ಅದೇ ದಿನ ಆಸ್ಪತ್ರೆಗೆ ತೋರಿಸಿ.