ಹೆಬ್ಬಾತಿನ ತಿದಿ

ಸವಣೂರು, ಶಿಗ್ಗಾವಿ ಕಡೆಯವರಿಗೆ ಲಕ್ಷ್ಮೇಶ್ವರದಾಚೆಯ ಮಾಗಡಿ ಕೆರೆ ದೂರವೇನಲ್ಲ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರ್ತವೆ. ಅಷ್ಟೆತ್ತರದ ತೆಳುಗಾಳಿಯಲ್ಲಿ ಉಸಿರಾಡೋದು ಹೇಗೆ? ನನಗೆ ಉತ್ತರದಷ್ಟೇ ಅದು ಸಿಕ್ಕ ಕಥೆಯೂ ಇಷ್ಟ.

1774ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಹಂಟರ್ ಒಂದು ಪ್ರಬಂಧ ಪ್ರಕಟಿಸಿದ. ಕೋಳಿಯ ಶ್ವಾಸನಾಳ ಕಟ್ಟಿ ರೆಕ್ಕೆಯ ಮೂಳೆ ಕತ್ತರಿಸಿದರೆ, ಗಾಳಿ ಆ ಮೂಳೆಯಿಂದಲೇ ಒಳಗೆ ಹೊರಗೆ ಆಡಿತಂತೆ! ಕ್ರೂರ ಪ್ರಯೋಗ, ನಿಜ. ಆದರೆ ಹಕ್ಕಿಯ ಶ್ವಾಸಕೋಶ, ಗಾಳಿಚೀಲ, ಟೊಳ್ಳು ಮೂಳೆ ಎಲ್ಲಕ್ಕೂ ನಂಟಿದೆ ಅಂತ ಗೊತ್ತಾಯ್ತು. ಚೀಲಗಳ ಕೆಲಸವೇನು ಅನ್ನೋದು ಮಾತ್ರ ಬಗೆಹರಿಯಲಿಲ್ಲ.

ಅದಕ್ಕೆ ಸುಮಾರು 200 ವರ್ಷ ಹಿಡಿಯಿತು. 1971ರಲ್ಲಿ ಬ್ರೆಟ್ಜ್ ಮತ್ತು ಶ್ಮಿಟ್-ನೀಲ್ಸನ್ ಬಾತುಕೋಳಿಯೊಳಗೆ ಗಾಳಿಯ ಹಾದಿ ಅಳೆದರು. ಬಹುಪಾಲು ಹಕ್ಕಿಗಳಲ್ಲಿರುವ ಒಂಬತ್ತು ಚೀಲಗಳು ಕಮ್ಮಾರನ ತಿದಿಯಂತೆ. ನಮ್ಮಲ್ಲಿ ಗಾಳಿ ಹೋದ ದಾರಿಯಲ್ಲೇ ವಾಪಸ್ ಬರುತ್ತೆ. ಹಕ್ಕಿಯಲ್ಲಿ ಉಸಿರೆಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶದೊಳಗೆ ಒಂದೇ ದಿಕ್ಕಿಗೆ ಹರಿಯುತ್ತೆ. ಹೆಬ್ಬಾತಿನ ಗುಟ್ಟುಗಳಲ್ಲಿ ಇದೂ ಒಂದು.

2024ರಲ್ಲಿ ಮಾಗಡಿಗೆ ರಾಮ್ಸಾರ್ ಪಟ್ಟ ಸಿಕ್ತು. ಹಾನಗಲ್, ಹಿರೇಕೆರೂರು ತಾಲ್ಲೂಕುಗಳ ಕೆರೆಗಳಿಗೆ ಅಂಥ ಪಟ್ಟವಿಲ್ಲ. ತಿದಿ ಹಕ್ಕಿಯನ್ನು ಹಿಮಾಲಯ ದಾಟಿಸೀತು. ಇಳಿಯೋಕೆ ನೀರು ಉಳಿಸಬೇಕಾದವರು ನಾವು.